ಎಲ್ಲಿ ನೋಯ್ತಿದೆ?

ಎಂಟು ಸಲ 400 ಮೀಟರ್ ಓಟ. ಪ್ರತಿ ಸುತ್ತು ಮುಗಿದ ಮೇಲೆ 90 ಸೆಕೆಂಡ್ ಬಿಡುವು. ಕೆಲವು ವರ್ಷಗಳ ಹಿಂದಿನ ಮಾತು. ಆರನೇ ಸುತ್ತಿನಲ್ಲಿ 250 ಮೀಟರ್ ದಾಟಿದ್ದೆ, ಎರಡನೇ ತಿರುವಿನ ಮಧ್ಯದಲ್ಲಿದ್ದೆ, ಅಲ್ಲೇ ನಿಂತುಬಿಟ್ಟೆ. ಎಡವಲಿಲ್ಲ, ಬೀಳಲಿಲ್ಲ. ಇನ್ನಾಗಲ್ಲ ಅನ್ನಿಸಿತು, ನಿಂತೆ. ಮಂಡಿ ಮೇಲೆ ಕೈ ಊರಿಕೊಂಡು ಏದುಸಿರು ಬಿಡುತ್ತಿದ್ದಾಗ ಕೋಚ್ ನಡೆದುಕೊಂಡು ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಎಲ್ಲಿ ನೋಯ್ತಿದೆ?" ಅಂತಷ್ಟೇ ಕೇಳಿದರು.

"ಎಲ್ಲಾ ಕಡೆ ಸರ್."

"ಎಲ್ಲಾ ಕಡೆ ಅಂದ್ರೆ ಹೇಗೆ? ಒಂದೊಂದಾಗಿ ಹೇಳು. ತೊಡೆಯಾ, ಮೀನಖಂಡವಾ, ಮಂಡಿಯಾ?"

ಹೇಳೋಕೆ ಅಂತ ಬಾಯಿ ತೆರೆದೆ. ಹೇಳಲು ಏನೂ ಸಿಗಲಿಲ್ಲ. ತೊಡೆ ಉರಿಯುತ್ತಿತ್ತು, ನಿಜ. ಆದರೆ ನಾಲ್ಕನೇ ಸುತ್ತಿನಲ್ಲೂ ಅಷ್ಟೇ ಉರಿದಿತ್ತು, ಆಗ ನಿಂತಿರಲಿಲ್ಲ. ಮೀನಖಂಡ ಬಿಗಿದಿತ್ತು, ಅಷ್ಟೇ. ಮಂಡಿಗೆ ಏನೂ ಆಗಿರಲಿಲ್ಲ. ಒಂದೊಂದನ್ನೇ ಹುಡುಕುತ್ತಾ ಹೋದೆ. ಇನ್ನೂ ಒಂದು ನಿಮಿಷ ಆಗಿರಲಿಲ್ಲ, ತೊಡೆಯ ಉರಿಯೂ ಅರ್ಧ ಇಳಿದಿತ್ತು. ಹಾಗಾದರೆ ನನ್ನನ್ನು ನಿಲ್ಲಿಸಿದ್ದು ಏನು?

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಜೋರಾಗಿ ಓಡುವಾಗ, ತುಳಿಯುವಾಗ, ಈಜುವಾಗ ಬರುವ ನೋವನ್ನು ಮನಸ್ಸು ಹೇಗೆ ತಡೆದುಕೊಳ್ಳುತ್ತದೆ ಅನ್ನುವುದರ ಬಗ್ಗೆ ನಾನು ಕಲಿತದ್ದೆಲ್ಲಾ ಆ ಒಂದು "ಎಲ್ಲಿ?" ಇಂದ ಶುರುವಾದದ್ದು.

ಮೊದಲು ಒಂದು ಮಾತು. ಈ ನೋವು ಸುಳ್ಳಲ್ಲ. "ಎಲ್ಲಾ ತಲೆಯೊಳಗೇ ಇರೋದು, ಮನಸ್ಸು ಗಟ್ಟಿ ಮಾಡ್ಕೋ" ಅಂತ ಹೇಳುವವರ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ದೇಹದೊಳಗೆ ನಿಜವಾಗಿಯೂ ಏನೋ ನಡೆಯುತ್ತಿರುತ್ತದೆ. ಅದು ಲ್ಯಾಕ್ಟಿಕ್ ಆಸಿಡ್ ಅಂತ ನಾವೆಲ್ಲಾ ಕೇಳಿಕೊಂಡು ಬಂದಿದ್ದೇವೆ. ಅದು ಪೂರ್ತಿ ಸರಿಯಲ್ಲ. ಆ ಆಸಿಡ್ ದೇಹದೊಳಗೆ ಇರುವ ರೂಪ ಲ್ಯಾಕ್ಟೇಟ್. ಅದನ್ನು ಸ್ನಾಯುಗಳು, ಹೃದಯ ಕೂಡ, ಇಂಧನವಾಗಿ ಸುಡುತ್ತವೆ. ವ್ಯಾಯಾಮ ನಿಲ್ಲಿಸಿ ಸುಮಾರು ಒಂದು ಗಂಟೆಯಲ್ಲಿ ರಕ್ತದಲ್ಲಿ ಅದರ ಮಟ್ಟ ಮಾಮೂಲಿಗೆ ಬರುತ್ತದೆ. ಮರುದಿನ ಮೆಟ್ಟಿಲಿಳಿಯುವಾಗ ಕಾಡುವ ನೋವಿಗೂ ಅದಕ್ಕೂ ಸಂಬಂಧವಿಲ್ಲ. 2014ರಲ್ಲಿ ಒಂದು ಪ್ರಯೋಗ ನಡೆಯಿತು. ಹೆಬ್ಬೆರಳಿನ ಬುಡದ ಸ್ನಾಯುವಿಗೆ ಲ್ಯಾಕ್ಟೇಟ್, ಆಮ್ಲದ ಅಂಶ ಮತ್ತು ಎಟಿಪಿ ಅನ್ನುವ ರಾಸಾಯನಿಕವನ್ನು ಸೂಜಿಯಿಂದ ಕೊಟ್ಟು ನೋಡಿದರು. ಬೇರೆ ಬೇರೆಯಾಗಿ ಕೊಟ್ಟಾಗ ಹೆಚ್ಚೇನೂ ಅನ್ನಿಸಲಿಲ್ಲ. ಮೂರನ್ನೂ ಸೇರಿಸಿ ಕೊಟ್ಟಾಗ, ಸುಮ್ಮನೆ ಕೂತಿದ್ದವರಿಗೆ ಬೆರಳು ದಣಿದ ಹಾಗೆ, ಭಾರವಾದ ಹಾಗೆ ಅನ್ನಿಸಿತು. ಪ್ರಮಾಣ ಜಾಸ್ತಿ ಮಾಡಿದಾಗ ನೋವಾಯಿತು. ಕೂತಲ್ಲೇ ಕೂತಿರುವ ಮನುಷ್ಯನಿಗೆ! ಅಂದರೆ ಸ್ನಾಯುವಿನಿಂದ ಸುದ್ದಿ ಹೋಗುತ್ತಿರುತ್ತದೆ, ಆ ಸುದ್ದಿಯನ್ನು ನಾವು ನೋವು ಅಂತ ಓದುತ್ತೇವೆ.

ಆದರೆ ಆ ಸುದ್ದಿ ಬಂದ ಮೇಲೆ ನಿಲ್ಲಬೇಕಾ, ಮುಂದುವರಿಯಬೇಕಾ ಅನ್ನುವುದು ಬೇರೆಯೇ ವಿಷಯ. 2010ರ ಒಂದು ಪ್ರಯೋಗದಲ್ಲಿ ರಗ್ಬಿ ಆಟಗಾರರನ್ನು ಸೈಕಲ್ ಮೇಲೆ ಕೂರಿಸಿ, ಸರಾಸರಿ 242 ವಾಟ್ ಬಲದಲ್ಲಿ ಇನ್ನಾಗಲ್ಲ ಅನ್ನುವವರೆಗೂ ತುಳಿಸಿದರು. ಅವರು ಸೋತು ಕೈಚೆಲ್ಲಿದ ಕೂಡಲೇ, ಈಗ ಐದು ಸೆಕೆಂಡ್ ನಿಮ್ಮ ಕೈಲಾದಷ್ಟು ಜೋರಾಗಿ ತುಳಿಯಿರಿ ಅಂದರು. 731 ವಾಟ್ ಬಂತು. 242ನ್ನು ಇನ್ನೊಂದು ಕ್ಷಣ ತುಳಿಯಲಾರೆ ಅಂದ ಕಾಲುಗಳಿಂದಲೇ ಅದರ ಮೂರು ಪಟ್ಟು ಬಂತು. ಇದನ್ನು ಮೊದಲು ಓದಿದಾಗ ಆ ತಿರುವಿನಲ್ಲಿ ನಿಂತದ್ದು ನೆನಪಾಗಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟಿದ್ದೆ. ನನ್ನ ಕಾಲಲ್ಲೂ ಉಳಿದಿತ್ತು ಅಂತಾಯಿತು, ಅಲ್ವಾ?

ಇನ್ನೂ ಹಳೆಯದೊಂದಿದೆ. ನನಗೆ ಅದು ಬಹಳ ಇಷ್ಟ. 1981ರಲ್ಲಿ ಸ್ಕಾಟ್ಲೆಂಡಿನಲ್ಲಿ ಈಜುಗಾರರ ಮೇಲೆ ಮಾಡಿದ ಪರೀಕ್ಷೆ ಅದು. ತೋಳಿಗೆ ಪಟ್ಟಿ ಬಿಗಿದು ರಕ್ತ ಹರಿಯುವುದನ್ನು ತಡೆಯುತ್ತಾರೆ. ಆಮೇಲೆ ಮುಷ್ಟಿ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಮಾಡುತ್ತಾ ಹೋಗಬೇಕು. ನೋವು ಶುರುವಾದಾಗ ಹೇಳಬೇಕು, ತಡೆಯಲಾಗದಾಗ ನಿಲ್ಲಿಸಬೇಕು. ನೋವು ಶುರುವಾಗುವ ಹೊತ್ತು ದೊಡ್ಡ ಈಜುಗಾರರಿಗೂ ಸ್ಪರ್ಧೆಗೇ ಇಳಿಯದವರಿಗೂ ಹೆಚ್ಚುಕಡಿಮೆ ಒಂದೇ. ಆದರೆ ನಿಲ್ಲಿಸುವ ಹೊತ್ತಿಗೆ ದೊಡ್ಡವರು ಸರಾಸರಿ 132 ಸಲ ಮುಷ್ಟಿ ಕಟ್ಟಿದ್ದರು, ಕ್ಲಬ್ ಮಟ್ಟದವರು 89, ಉಳಿದವರು 70. ಅದೇ ದೊಡ್ಡ ಈಜುಗಾರರು ಕೂಡ ಕಠಿಣ ತರಬೇತಿಯ ತಿಂಗಳುಗಳಲ್ಲಿ ಜಾಸ್ತಿ ತಡೆದುಕೊಂಡರು, ಬಿಡುವಿನ ತಿಂಗಳುಗಳಲ್ಲಿ ಕಡಿಮೆ.

ಅಂದರೆ ಅವರಿಗೆ ನೋವು ಗೊತ್ತಾಗುತ್ತಿಲ್ಲ ಅಂತಲ್ಲ. ನಮಗೆ ಎಷ್ಟು ಬೇಗ ಗೊತ್ತಾಗುತ್ತದೋ ಅವರಿಗೂ ಅಷ್ಟೇ ಬೇಗ. ಗೊತ್ತಾದ ಮೇಲೆ ಅದರ ಜೊತೆ ಇರುವುದು ಅವರಿಗೆ ರೂಢಿಯಾಗಿದೆ. ಆ ರೂಢಿ ತರಬೇತಿಯ ಜೊತೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಒಬ್ಬರು ಗಟ್ಟಿ ಜೀವ, ಇನ್ನೊಬ್ಬರು ಅಳ್ಳೆದೆ ಅಂತ ಹುಟ್ಟಿನಿಂದಲೇ ಬರೆದಿಟ್ಟ ಹಾಗೆ ಮಾತಾಡುತ್ತೇವಲ್ಲ, ಆ ಮಾತನ್ನು ನಾನು ಬಿಟ್ಟುಬಿಟ್ಟೆ.

ಸರಿ, ಹಾಗಾದರೆ ಅದರ ಜೊತೆ ಇರುವುದು ಅಂದರೇನು? ನಾನು ಮೊದಲು ಹಿಡಿದದ್ದು ಹಲ್ಲು ಕಚ್ಚುವ ದಾರಿ. ಅಕ್ಷರಶಃ. ದವಡೆ ಬಿಗಿದು, ಮುಷ್ಟಿ ಬಿಗಿದು, ಭುಜವನ್ನು ಕಿವಿಯ ಹತ್ತಿರಕ್ಕೆ ಎತ್ತಿಕೊಂಡು ಓಡುತ್ತಿದ್ದೆ. ಒಂದು ದಿನ ಯಾರೋ ತೆಗೆದ ವಿಡಿಯೋದಲ್ಲಿ ಅದನ್ನು ನೋಡಿದೆ. ಕತ್ತಿನ ನರಗಳೆಲ್ಲಾ ಎದ್ದು ಕಾಣುತ್ತಿದ್ದವು. ಕಾಲಿಗೆ ಹೋಗಬೇಕಾದ ಶಕ್ತಿಯನ್ನು ಅಲ್ಲಿ ಸುರಿಯುತ್ತಿದ್ದೆ. ಉಸಿರಿಗೂ ಎದೆ ಬಿಚ್ಚಿಕೊಳ್ಳುತ್ತಿರಲಿಲ್ಲ.

ಆಮೇಲೆ ಗಮನ ಬೇರೆ ಕಡೆ ಹರಿಸುವ ದಾರಿ. ಹಾಡು ಕೇಳುವುದು, ಕಂಬ ಎಣಿಸುವುದು, ಮನಸ್ಸಿನಲ್ಲೇ ಮಗ್ಗಿ ಹೇಳುವುದು. ನಿಧಾನವಾಗಿ ದೂರ ಓಡುವಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಇವತ್ತಿಗೂ ಮಾಡುತ್ತೇನೆ. ಆದರೆ ವೇಗ ಜಾಸ್ತಿಯಾದ ಕೂಡಲೇ ನೋವು ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತದೆ. ಹನ್ನೆರಡರ ಮಗ್ಗಿ ಅಲ್ಲಿ ನಿಲ್ಲುವುದಿಲ್ಲ. 1977ರಲ್ಲಿ ವಿಲಿಯಂ ಮಾರ್ಗನ್ ಮತ್ತು ಮೈಕೆಲ್ ಪೊಲಾಕ್ ಮ್ಯಾರಥಾನ್ ಓಟಗಾರರನ್ನು ಮಾತಾಡಿಸಿದಾಗ ಕಂಡುಕೊಂಡದ್ದೂ ಇದರ ಹತ್ತಿರದ್ದೇ. ಸಾಮಾನ್ಯ ಓಟಗಾರರು ಮನಸ್ಸನ್ನು ದೇಹದಿಂದ ಆಚೆ ಕಳಿಸಲು ನೋಡುತ್ತಿದ್ದರು. ದೊಡ್ಡ ಓಟಗಾರರು ದೇಹದ ಒಳಗೇ ಇರುತ್ತಿದ್ದರು. ಉಸಿರು ಹೇಗಿದೆ, ಕಾಲು ಹೇಗಿದೆ, ಎಲ್ಲಿ ಬಿಗಿಯಾಗಿದೆ ಅಂತ ಓಡುತ್ತಲೇ ನೋಡಿಕೊಳ್ಳುತ್ತಿದ್ದರು, ಸಡಿಲ ಮಾಡಿಕೊಳ್ಳುತ್ತಿದ್ದರು.

ನಮ್ಮ ಕೋಚ್ ಇದನ್ನೆಲ್ಲಾ ಓದಿದ್ದರೋ ಇಲ್ಲವೋ, ಅವರ "ಎಲ್ಲಿ?" ಅಂತೂ ಅದೇ ಕೆಲಸ ಮಾಡುತ್ತದೆ. ಈಗ ನಾನೇ ನನ್ನನ್ನು ಕೇಳಿಕೊಳ್ಳುತ್ತೇನೆ. ಓಡುತ್ತಲೇ. ಅದು ಹೇಗಿರುತ್ತದೆ ಅಂತ ಒಂದು ಸುತ್ತಿನಲ್ಲಿ ತೋರಿಸುತ್ತೇನೆ.

ಮೊದಲ 150 ಮೀಟರ್‌ನಲ್ಲಿ ಏನೂ ಇಲ್ಲ. ಹಗುರ. ಈ ಹಗುರವನ್ನು ನಂಬಬಾರದು ಅಂತ ಗೊತ್ತು, ಆದರೂ ಖುಷಿಯಾಗುತ್ತದೆ. 200ರ ಹತ್ತಿರ ಉಸಿರು ದೊಡ್ಡದಾಗುತ್ತದೆ, ಗಂಟಲು ಒಣಗುತ್ತದೆ. ಎರಡನೇ ತಿರುವಿಗೆ ಕಾಲಿಟ್ಟಾಗ ತೊಡೆಯ ಮುಂಭಾಗದಲ್ಲಿ ಮೊದಲು ಬಿಸಿ, ಆಮೇಲೆ ಉರಿ. ಆಗ ಕೇಳುತ್ತೇನೆ: ಎಲ್ಲಿ? ತೊಡೆ. ಎರಡೂ. ಉರಿ. ಇನ್ನೆಲ್ಲಿ? ಪೃಷ್ಠದ ಕೆಳಗೆ ಬಿಗಿತ. ಇನ್ನೆಲ್ಲಿ? ತೋಳು ಭಾರ. ಇನ್ನೆಲ್ಲಿ? ಇಲ್ಲಿಗೆ ಬಂದಾಗ ಪ್ರತಿ ಸಲವೂ ಒಂದು ವಿಚಿತ್ರ ನಡೆಯುತ್ತದೆ. ದೇಹದಲ್ಲಿ ಹುಡುಕಲು ಜಾಗವೇ ಮುಗಿದಿರುತ್ತದೆ, ಆದರೂ ಏನೋ ಒಂದು ದೊಡ್ಡದು ಉಳಿದಿರುತ್ತದೆ. ಅದಕ್ಕೆ ಜಾಗವಿಲ್ಲ. ಅದು ಎಲ್ಲೂ ನೋಯುತ್ತಿಲ್ಲ. ಅದು "ಇನ್ನೂ 150 ಮೀಟರ್ ಇದೆ" ಅನ್ನುವ ಯೋಚನೆ. ಅದರ ಹಿಂದೆ "ಇದಾದ ಮೇಲೆ ಇನ್ನೂ ಎರಡಿವೆ", ಅದರ ಹಿಂದೆ "ಹೋದ ಸಲದ ಹಾಗೆ ಆದರೆ?" ಆರನೇ ಸುತ್ತಿನಲ್ಲಿ ನನ್ನನ್ನು ನಿಲ್ಲಿಸಿದ್ದು ಇದೇ. ತೊಡೆಯ ಉರಿಯನ್ನು ತಡೆದುಕೊಳ್ಳಬಹುದಿತ್ತು. ಇನ್ನೂ ಬರದಿದ್ದ ಉರಿಯನ್ನೆಲ್ಲಾ ಆಗಲೇ ತಲೆ ಮೇಲೆ ಹೊತ್ತುಕೊಂಡಿದ್ದೆ.

ಇವೆರಡನ್ನೂ ಬಿಡಿಸಿ ನೋಡಿದ ಕೂಡಲೇ ನೋವು ಹೋಗಿಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. ತೊಡೆ ಉರಿಯುತ್ತಲೇ ಇರುತ್ತದೆ. ಆದರೆ ಅದು ತೊಡೆಯಷ್ಟೇ ದೊಡ್ಡದಾಗಿರುತ್ತದೆ.

ಇದಕ್ಕೆ ಕನ್ನಡ ನನಗೆ ತುಂಬಾ ಸಹಾಯ ಮಾಡಿದೆ. ಸುಮ್ನೆ ಹೇಳುತ್ತಿಲ್ಲ. ನೋವು ಅನ್ನುವ ಒಂದೇ ಪದ ಹಿಡಿದುಕೊಂಡರೆ ಎಲ್ಲವೂ ಒಂದೇ ಮುದ್ದೆಯಾಗುತ್ತದೆ. ಉರಿ ಬೇರೆ, ಸೆಳೆತ ಬೇರೆ, ಚಳುಕು ಬೇರೆ. ಸಿಡಿತ, ಜೋಮು, ಹಿಂಡಿದ ಹಾಗಾಗುವುದು, ಚುಚ್ಚಿದ ಹಾಗಾಗುವುದು, ಕಾಲು ಮರಗಟ್ಟುವುದು, ಎಲ್ಲವೂ ಬೇರೆ ಬೇರೆ. ರೊನಾಲ್ಡ್ ಮೆಲ್ಜಾಕ್ ಅನ್ನುವ ಮನಶ್ಶಾಸ್ತ್ರಜ್ಞರು 1975ರಲ್ಲಿ ರೋಗಿಗಳಿಗಾಗಿ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ನೋವನ್ನು ಬಣ್ಣಿಸುವ 78 ಪದಗಳಿದ್ದವು. ಎಷ್ಟು ನೋಯುತ್ತಿದೆ ಅಂತ ಮಾತ್ರ ಕೇಳಿದರೆ ಸಾಲದು, ಹೇಗೆ ನೋಯುತ್ತಿದೆ ಅಂತಲೂ ಕೇಳಬೇಕು ಅನ್ನುವುದು ಅದರ ಹಿಂದಿನ ಮಾತು. ಮೈದಾನದಲ್ಲಿ ನನಗೆ ಏಳೆಂಟು ಪದ ಸಾಕು. ಸರಿಯಾದ ಪದ ಸಿಕ್ಕಾಗ ಗಾಬರಿ ಕಡಿಮೆಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಉರಿ ಅಂತ ಹೆಸರಿಟ್ಟ ಮೇಲೆ ಅದು ಗೊತ್ತಿರುವ ಮುಖ.

ಆಮೇಲೆ ಕೈ. ಇದು ತೀರಾ ಸಣ್ಣ ವಿಷಯ, ಆದರೆ ನಾನು ಇದರ ಮೇಲೆ ತುಂಬಾ ನಿಂತಿದ್ದೇನೆ. ನೋವು ಏರಿದಾಗ ಮೊದಲು ಬಿಗಿಯುವುದು ಕೈ. ಹೆಬ್ಬೆರಳು ಒಳಗೆ ಸೇರಿಕೊಂಡು ಮುಷ್ಟಿಯಾಗುತ್ತದೆ. ಹಾಗಾಗಿ ತಿರುವಿನಲ್ಲಿ ಹೆಬ್ಬೆರಳ ತುದಿಯನ್ನು ತೋರುಬೆರಳಿನ ಪಕ್ಕಕ್ಕೆ ಮೆಲ್ಲಗೆ ತಾಗಿಸುತ್ತೇನೆ, ನಡುವೆ ಒಂದು ಒಣ ಎಲೆ ಇದೆ, ಅದು ಮುರಿಯಬಾರದು ಅನ್ನುವ ಹಾಗೆ. ಕೈ ಸಡಿಲವಾದರೆ ಮೊಣಕೈ ಸಡಿಲ, ಭುಜ ಇಳಿಯುತ್ತದೆ, ದವಡೆ ಬಿಡುತ್ತದೆ. ಕಾಲು ಉರಿಯುತ್ತಿರುವಾಗಲೇ ಮುಖ ಸಡಿಲವಾಗಿರಬಹುದು ಅಂತ ಗೊತ್ತಾಗಲು ನನಗೆ ತಿಂಗಳುಗಳೇ ಬೇಕಾದವು. ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಓಟದ ಕೊನೆಯ ಕಿಲೋಮೀಟರ್‌ಗಳಲ್ಲಿ ನಗುವುದನ್ನು ನೀವು ನೋಡಿರಬಹುದು. 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ ಮನುಷ್ಯ. ಆ ನಗು ನೋವನ್ನು ಎದುರಿಸಲು ಬೇಕೆಂದೇ ತಂದುಕೊಳ್ಳುವ ನಗು. ನಾನೂ ಮಾಡಿ ನೋಡಿದೆ. ನನಗೆ ನಗುವಿಗಿಂತ ಎಲೆಯೇ ಒಗ್ಗಿತು.

ಮಾತಿಗೂ ಬಲವಿದೆ. ನಮಗೆ ನಾವೇ ಹೇಳಿಕೊಳ್ಳುವ ಮಾತು. 2014ರಲ್ಲೇ ಇನ್ನೊಂದು ಪ್ರಯೋಗದಲ್ಲಿ, ಎರಡು ವಾರ ತಮ್ಮದೇ ಹುರುಪಿನ ಮಾತುಗಳನ್ನು ಅಭ್ಯಾಸ ಮಾಡಿಕೊಂಡವರು ಸೈಕಲ್ ಮೇಲೆ ಮೊದಲಿಗಿಂತ ಶೇಕಡಾ 18ರಷ್ಟು ಹೆಚ್ಚು ಹೊತ್ತು ತುಳಿದರು. ಇಲ್ಲಿ ಮುಖ್ಯವಾದದ್ದು "ತಮ್ಮದೇ" ಅನ್ನುವುದು. ಪೋಸ್ಟರ್ ಮೇಲಿನ ಮಾತು 300ನೇ ಮೀಟರ್‌ನಲ್ಲಿ ನಾಲಿಗೆಗೆ ಬರುವುದಿಲ್ಲ. ನನ್ನ ಮಾತುಗಳು ಎರಡು. ಒಂದು, "ಇದು ಬರೋದೇ ಇತ್ತು." ಇನ್ನೊಂದು, "ಈ ತಿರುವು ಮುಗಿಸು." ಮೊದಲನೆಯದು ಉರಿ ಶುರುವಾದಾಗ. ಅದು ನನಗೇನೋ ಕೆಡುಕು ಆಗುತ್ತಿದೆ ಅನ್ನುವ ಭಾವನೆಯನ್ನು ತೆಗೆಯುತ್ತದೆ. ಕರೆದ ನೆಂಟರು ಬಂದಿದ್ದಾರೆ, ಅಷ್ಟೇ. ಎರಡನೆಯದು ಮುಂದಿನದನ್ನೆಲ್ಲಾ ಕತ್ತರಿಸಿ ಪಕ್ಕಕ್ಕಿಡುತ್ತದೆ. ತಿರುವು ಮುಗಿದ ಮೇಲೆ ನೇರ ದಾರಿ, ನೇರ ದಾರಿಯಲ್ಲಿ ಗೆರೆ ಕಾಣುತ್ತದೆ. ಗೆರೆ ಕಂಡಾಗ ಯಾರಿಗಾದರೂ ಸ್ವಲ್ಪ ಜೀವ ಬರುತ್ತದೆ.

ತಲೆ ದಣಿದ ದಿನ ಇದ್ಯಾವುದೂ ನಡೆಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ದಿನವಿಡೀ ಲೆಕ್ಕಪತ್ರ, ಮೀಟಿಂಗ್, ಫೋನು ಅಂತ ತಲೆ ಹಿಂಡಿಕೊಂಡು ಸಂಜೆ ಟ್ರ್ಯಾಕಿಗೆ ಹೋದರೆ ಮೂರನೇ ಸುತ್ತೇ ಆರನೆಯದರ ಹಾಗಿರುತ್ತದೆ. ಕಾಲು ದಣಿದಿರುವುದಿಲ್ಲ, ಕೂತೇ ಇದ್ದವಲ್ಲ! ಸ್ಯಾಮುಯೆಲೆ ಮಾರ್ಕೋರಾ ಅನ್ನುವ ಸಂಶೋಧಕರ ತಂಡ 2009ರಲ್ಲಿ ಇದನ್ನು ತೋರಿಸಿದೆ. 90 ನಿಮಿಷ ಕಂಪ್ಯೂಟರ್ ಮುಂದೆ ತಲೆ ದಣಿಸುವ ಕೆಲಸ ಮಾಡಿದವರು ಆಮೇಲೆ ಸೈಕಲ್ ತುಳಿಯುವಾಗ ಬೇಗ ಕೈಬಿಟ್ಟರು. ಹೃದಯ, ಸ್ನಾಯು ಎಲ್ಲಾ ಮಾಮೂಲಿನಂತೆಯೇ ಇದ್ದವು, ಕಷ್ಟ ಮಾತ್ರ ಜಾಸ್ತಿ ಅನ್ನಿಸಿತ್ತು. ಅಂದಿನಿಂದ ಗಟ್ಟಿ ವರ್ಕೌಟ್‌ಗಳನ್ನು ಬೆಳಗ್ಗೆಗೆ ಹಾಕಿಕೊಂಡಿದ್ದೇನೆ. ಸಂಜೆ ಹೋಗಲೇಬೇಕಾದರೆ ಸುಮ್ನೆ ನಿಧಾನಕ್ಕೆ ಓಡಿ ಬರುತ್ತೇನೆ.

ಈಗ ನನಗೆ ಹೇಳಲು ಕಷ್ಟವಾಗುವ ಭಾಗ. ನೋವಿನ ಜೊತೆ ಇರಲು ಕಲಿತೆ ಅನ್ನುವ ಹುಮ್ಮಸ್ಸಿನಲ್ಲಿ ಒಂದು ವರ್ಷ ನಾನು ಕೇಳಬಾರದ ಹಾಗೆ ಕೇಳಿದೆ. ಎಡಗಾಲಿನ ಮುಂಭಾಗದ ಎಲುಬಿನಲ್ಲಿ, ಮಂಡಿ ಮತ್ತು ಪಾದದ ನಡುವೆ, ಒಂದು ನೋವು ಶುರುವಾಗಿತ್ತು. "ಇದು ಬರೋದೇ ಇತ್ತು" ಅಂದುಕೊಂಡೆ. ಎಲ್ಲಿ? ಎಲುಬು. ಹೇಗೆ? ಚುಚ್ಚಿದ ಹಾಗೆ. ಉತ್ತರ ಸಿಕ್ಕಿತ್ತು. ಉತ್ತರ ಸಿಕ್ಕಿದ್ದೇ ಸಮಾಧಾನ ಅಂದುಕೊಂಡು ಓಡುತ್ತಲೇ ಇದ್ದೆ. ಮೂರು ವಾರ. ಮೊದಲು ಓಡುವಾಗ ಮಾತ್ರ, ಆಮೇಲೆ ನಡೆಯುವಾಗ, ಕೊನೆಗೆ ರಾತ್ರಿ ಮಲಗಿದಾಗಲೂ. ಡಾಕ್ಟರ್ ಹೆಚ್ಚು ಮಾತಾಡಲಿಲ್ಲ. "ಎಲ್ಲಿ ಅಂತ ತೋರಿಸಿ" ಅಂದರು. ತೋರುಬೆರಳು ಇಟ್ಟು ತೋರಿಸಿದೆ. ಅವರು ಅದೇ ಜಾಗವನ್ನು ಒತ್ತಿದರು. ಕಣ್ಣಲ್ಲಿ ನೀರು ಬಂತು. ಎಂಆರ್‌ಐನಲ್ಲಿ ಎಲುಬಿನ ಸಣ್ಣ ಬಿರುಕು ಕಾಣಿಸಿತು. ಸ್ಟ್ರೆಸ್ ಫ್ರ್ಯಾಕ್ಚರ್. ಹತ್ತು ವಾರ ಓಟವಿಲ್ಲ.

ಅಂದಿನಿಂದ "ಎಲ್ಲಿ?" ಅನ್ನುವ ಪ್ರಶ್ನೆಗೆ ಕೈ ಹೇಗೆ ಉತ್ತರ ಕೊಡುತ್ತದೆ ಅನ್ನುವುದನ್ನೂ ನೋಡುತ್ತೇನೆ. ದುಡಿಯುವ ಸ್ನಾಯುವಿನ ಉರಿಯನ್ನು ತೋರಿಸುವಾಗ ನಾವು ಅಂಗೈ ಬಳಸುತ್ತೇವೆ. ತೊಡೆ ಮೇಲೆಲ್ಲಾ ಸವರಿ "ಇಲ್ಲೆಲ್ಲಾ" ಅನ್ನುತ್ತೇವೆ. ಅದು ಎರಡೂ ಕಾಲಿನಲ್ಲಿರುತ್ತದೆ, ವೇಗದ ಜೊತೆ ಏರುತ್ತದೆ, ನಿಂತರೆ ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಒಂದೇ ಬೆರಳಿಟ್ಟು "ಇಲ್ಲೇ" ಅಂತ ತೋರಿಸಬಹುದಾದ ನೋವು ಬೇರೆ. ಒಂದೇ ಕಡೆ, ಎಲುಬಿನ ಮೇಲೆ ಅಥವಾ ಕೀಲಿನಲ್ಲಿ, ಹೆಜ್ಜೆ ಹೆಜ್ಜೆಗೂ ಜಾಸ್ತಿಯಾಗುವುದು, ನಡಿಗೆಯನ್ನೇ ಕುಂಟಿಸುವುದು, ಇದ್ದಕ್ಕಿದ್ದಂತೆ ಚಳುಕು ಹೊಡೆಯುವುದು, ಇವುಗಳಿಗೆ ಎಲೆಯೂ ಬೇಡ, ಮಾತೂ ಬೇಡ. ನಿಲ್ಲಬೇಕು. ಎದೆಯ ವಿಷಯದಲ್ಲಿ ಮಾತ್ರ ಬೆರಳು ಅಂಗೈ ಲೆಕ್ಕ ಹಾಕಲೇಬಾರದು. ಎದೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಆದರೆ, ನೋವು ತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲೆ ಬಂದರೆ, ಅದು ಎಷ್ಟು ಅಗಲವಾಗಿದ್ದರೂ ಆ ಕ್ಷಣವೇ ನಿಂತು ಸಹಾಯ ಕೇಳಬೇಕು. ಹಾಗೆಯೇ ವಿಪರೀತ ವ್ಯಾಯಾಮದ ನಂತರ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯವಾಗುತ್ತಿರುವ ಗುರುತು. ಬರೀ ಮೈಕೈ ನೋವು ಅಂತ ಮನೆಯಲ್ಲಿ ಮಲಗಬಾರದು.

ಮಾತ್ರೆ ತಗೊಂಡು ಓಡಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ನಾನು ತಗೊಳ್ಳುವುದಿಲ್ಲ. ಐಬುಪ್ರೊಫೆನ್ ಜಾತಿಯ ಮಾತ್ರೆ, ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಮೂತ್ರಪಿಂಡಕ್ಕೆ ಹೊರೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ 2009ರ ಒಂದು ಪ್ರಯೋಗ. ಸೈಕಲ್ ಸವಾರರ ಬೆನ್ನುಹುರಿಯ ಬಳಿ ಫೆಂಟನಿಲ್ ಅನ್ನುವ ಬಲವಾದ ನೋವುನಿವಾರಕ ಕೊಟ್ಟು, ಕಾಲಿನ ಸ್ನಾಯುಗಳಿಂದ ಮೆದುಳಿಗೆ ಹೋಗುವ ಸುದ್ದಿಯನ್ನು ತಡೆದು, 5 ಕಿಲೋಮೀಟರ್ ತುಳಿಸಿದರು. ನೋವಿಲ್ಲದ ಕಾಲು ಸಿಕ್ಕಿದ ಮೇಲೆ ಅವರು ಮೊದಲಿಂದಲೇ ಜೋರಾಗಿ ಹೊರಟರು. ಅರ್ಧ ದಾರಿಯವರೆಗೆ ಎಲ್ಲಾ ಚೆನ್ನಾಗಿತ್ತು. ಆಮೇಲೆ ಕುಸಿದರು. ಕೊನೆಗೆ ಒಟ್ಟು ಸಮಯದಲ್ಲಿ ಏನೂ ಲಾಭವಾಗಲಿಲ್ಲ, ಇಳಿದ ಮೇಲೆ ಕೆಲವರಿಗೆ ನಡೆಯುವುದೂ ಕಷ್ಟವಾಯಿತು. ಎಷ್ಟು ವೇಗ ಹೋಗಬಹುದು ಅಂತ ಅವರಿಗೆ ಹೇಳುತ್ತಿದ್ದದ್ದೇ ಆ ನೋವು. ಇದನ್ನು ಓದಿದ ಮೇಲೆ ತಿರುವಿನ ಉರಿಯ ಬಗ್ಗೆ ನನಗಿದ್ದ ಸಿಟ್ಟು ಬಹಳ ಕಡಿಮೆಯಾಯಿತು.

ಹತ್ತು ವಾರ ಕಳೆದು ಟ್ರ್ಯಾಕಿಗೆ ವಾಪಸ್ಸಾದಾಗ ಇದ್ದ ರೂಢಿಯೆಲ್ಲಾ ಹೋಗಿತ್ತು, ಆ ಈಜುಗಾರರಿಗೆ ಆದ ಹಾಗೆಯೇ. ಎರಡನೇ ಸುತ್ತಿನಲ್ಲೇ ಜೀವ ಬಾಯಿಗೆ ಬಂತು. ನಾಲ್ಕಕ್ಕೆ ನಿಲ್ಲಿಸಿದೆವು. ಮುಂದಿನ ವಾರ ಐದು. ಎಂಟಕ್ಕೆ ಬರಲು ಎರಡೂವರೆ ತಿಂಗಳು ಹಿಡಿಯಿತು. ಈಗ ಹೆಚ್ಚಿನ ದಿನ ಎಂಟೂ ಮುಗಿಯುತ್ತವೆ. ಆರನೆಯದು ಈಗಲೂ ಕೆಟ್ಟದ್ದೇ. ಏಳು ಮತ್ತು ಎಂಟು ಅಷ್ಟು ಕೆಟ್ಟದ್ದಲ್ಲ, ಬಹುಶಃ ಮುಂದೆ ಹೊತ್ತುಕೊಳ್ಳಲು ಏನೂ ಉಳಿದಿರುವುದಿಲ್ಲ ಅಂತ.

ಹೋದ ವಾರ ಐದನೇ ಸುತ್ತಿನ ಕೊನೆಯ ನೇರದಲ್ಲಿ ಬಲ ತೊಡೆಯ ಹಿಂದೆ ಸಣ್ಣದೊಂದು ಚಳುಕು ಹೊಡೆಯಿತು. ಉರಿ ಅಲ್ಲ, ಬಿಗಿತವೂ ಅಲ್ಲ. ವೇಗ ಇಳಿಸಿದೆ, ಹತ್ತು ಹೆಜ್ಜೆಯಲ್ಲಿ ನಿಂತೆ. ಉಸಿರು ಚೆನ್ನಾಗಿತ್ತು, ಎಡಗಾಲು ಚೆನ್ನಾಗಿತ್ತು, ಇನ್ನೂ ಮೂರು ಸುತ್ತು ಓಡುವ ಮನಸ್ಸೂ ಇತ್ತು. ಕೋಚ್ ಸ್ಟಾಪ್‌ವಾಚ್ ಹಿಡಿದುಕೊಂಡೇ ಹತ್ತಿರ ಬಂದರು.

"ಎಲ್ಲಿ?"

ತಿರುಗಿ ನಿಂತು ತೊಡೆಯ ಹಿಂದೆ ಒಂದು ಬೆರಳಿಟ್ಟೆ.

"ಸರಿ, ಶೂ ಬಿಚ್ಚು" ಅಂದರು.